ಟಿಕ್ಕಿ ಎಣ್ಣೇಲಿ ಒಡೆಯೋದು ಯಾಕೆ, ಹತ್ತೇ ನಿಮಿಷಕ್ಕೆ ಮೆತ್ತಗಾಗೋದು ಯಾಕೆ?

ಪ್ರಶ್ನೆ: ಸರ್ ನಮಸ್ಕಾರ, ತುಮಕೂರಿಂದ ಬರೀತಿದೀನಿ. ಹೋದ ವಾರ ಮಗಳ ಬರ್ತ್‌ಡೇಗೆ ಆಲೂ ಟಿಕ್ಕಿ ಮಾಡೋಕೆ ಹೋಗಿ ಪೂರ್ತಿ ಕೆಟ್ಟೋಯ್ತು. ಗಾಡಿಯವರ ಹತ್ರ 2 ಕೆಜಿ ಆಲೂಗಡ್ಡೆ ತಗೊಂಡು, ಸಿಪ್ಪೆ ತೆಗೆದು ಹೋಳು ಮಾಡಿ, ಕುಕ್ಕರಲ್ಲಿ ನೀರು ಹಾಕಿ 4 ವಿಸಿಲ್ ಕೂಗಿಸ್ದೆ. ಗಂಟು ಇರಬಾರದು ಅಂತ ಬಿಸಿ ಇರುವಾಗ್ಲೇ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡ್ಕೊಂಡೆ. 3 ಹಸಿ ಈರುಳ್ಳಿ, ಫ್ರೋಜನ್ ಬಟಾಣಿ, ಕೊತ್ತಂಬರಿ ಸೊಪ್ಪು, ಉಪ್ಪು, ಖಾರ, ಗರಂ ಮಸಾಲ, 2 ಚಮಚ ಕಾರ್ನ್‌ಫ್ಲೋರ್ ಹಾಕಿ ಕಲಸಿ ಒಂದು ಗಂಟೆ ಬಿಟ್ಟು ತಟ್ಟೋಕೆ ಕೂತ್ರೆ ಕೈಗೆಲ್ಲಾ ಅಂಟು. ಮೊದಲನೇ ಒಬ್ಬೆ ಎಣ್ಣೇಲೇ ಒಡೆದು ಪುಡಿ ಆಯ್ತು. ಅತ್ತೆ ಮೈದಾ ಸೇರಿಸು ಅಂದ್ರು, ಒಂದು ಲೋಟ ಹಾಕ್ದೆ, ಒಡೀಲಿಲ್ಲ ಆದ್ರೆ ರಬ್ಬರ್ ಥರ ಆಗಿ ಒಳಗೆ ಹಸಿ ಹಿಟ್ಟಿನ ವಾಸನೆ. ಅದನ್ನೂ ಹಾಟ್‌ಬಾಕ್ಸಲ್ಲಿ ಇಟ್ಟಿದ್ದೆ, ಮಕ್ಕಳು ಬರೋ ಹೊತ್ತಿಗೆ ಮೆತ್ತಗೆ. ಪಕ್ಕದ ಮನೆಯವರು ಚಿಟಿಕೆ ಸೋಡ ಹಾಕಿ ಅಂತಾರೆ, ಒಂದು ವಿಡಿಯೋದಲ್ಲಿ ಆಲೂಗಡ್ಡೆ ಫ್ರಿಜ್ಜಲ್ಲಿಡಿ ಅಂತಾರೆ, ಇನ್ನೊಂದರಲ್ಲಿ ಇಡಲೇಬೇಡಿ ಅಂತಾರೆ. ಮುಂದಿನ ತಿಂಗಳು ಮಾವನವರ 60ರ ಶಾಂತಿ, ಸಂಜೆ 40 ಜನಕ್ಕೆ ಟಿಕ್ಕಿ ನಾನೇ ಮಾಡ್ತೀನಿ ಅಂತ ಒಪ್ಕೊಂಡಿದೀನಿ. ಅವತ್ತು ಈರುಳ್ಳಿ ಬೆಳ್ಳುಳ್ಳಿ ಹಾಕೋ ಹಾಗಿಲ್ಲ. ಮನೇಲಿ ಏರ್‌ಫ್ರೈಯರೂ ಇದೆ. ಎಲ್ಲಿ ತಪ್ಪಾಯ್ತು, ಹಿಟ್ಟು ಎಷ್ಟು ಹಾಕ್ಬೇಕು, ದಯವಿಟ್ಟು ತಿಳಿಸಿ.

ಉತ್ತರ: ನೀವು ಮಾಡಿದ್ದನ್ನ ಒಂದೂ ಬಿಡದೆ ಬರೆದಿದೀರಲ್ಲ, ಅದು ನಂಗೆ ತುಂಬಾ ಸಹಾಯ ಆಯ್ತು, ಯಾಕಂದ್ರೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹಿಟ್ಟು ಎಷ್ಟು ಅಂತ ಕೇಳಿದೀರ, ಅದನ್ನ ಹೇಳ್ತೀನಿ, ಆದ್ರೆ ನಿಮ್ಮ ಟಿಕ್ಕಿ ಕೆಟ್ಟಿದ್ದು ನೀರಿಂದ. ಎಣ್ಣೇಲಿ ಒಡೆದಿದ್ದು, ಕೈಗೆ ಅಂಟಿದ್ದು, ಹಾಟ್‌ಬಾಕ್ಸಲ್ಲಿ ಮೆತ್ತಗಾಗಿದ್ದು, ಮೂರಕ್ಕೂ ಅದೇ ಕಾರಣ.

ಲೆಕ್ಕ ಹಾಕಿ ನೋಡಿ. 1 ಕೆಜಿ ಆಲೂಗಡ್ಡೇಲಿ ಹೆಚ್ಚುಕಡಿಮೆ 800 ಗ್ರಾಂ ನೀರೇ ಇರುತ್ತೆ. ಸಿಪ್ಪೆ ತೆಗೆದು ಹೋಳು ಮಾಡಿ ನೀರಲ್ಲಿ ಬೇಯಿಸಿದ್ರಿ, ಪ್ರತಿ ಹೋಳೂ ಎಲ್ಲಾ ಕಡೆಯಿಂದ ನೀರು ಕುಡೀತು. 4 ವಿಸಿಲ್‌ಗೆ ಹೋಳಿನ ಅಂಚೆಲ್ಲಾ ಕರಗಿ ಗಂಜಿ ಥರ ಆಗಿರುತ್ತೆ. ಆಮೇಲೆ ಹಸಿ ಈರುಳ್ಳಿ ಮೇಲೆ ಉಪ್ಪು ಬಿತ್ತು, ಒಂದು ಗಂಟೆ ಬಿಟ್ರಿ, ಈರುಳ್ಳಿ ನೀರು ಬಿಡೋಕೆ ಹತ್ತು ಹದಿನೈದು ನಿಮಿಷವೇ ಸಾಕು. ಫ್ರೋಜನ್ ಬಟಾಣಿ ಕರಗಿದಾಗ ಅದರ ನೀರು, ಕೊತ್ತಂಬರಿ ಸೊಪ್ಪು ತೊಳೆದ ನೀರು. ಇಷ್ಟು ನೀರಿಗೆ 2 ಚಮಚ ಕಾರ್ನ್‌ಫ್ಲೋರ್ ಏನು ಮಾಡೋಕಾಗುತ್ತೆ ಹೇಳಿ.

ಇದು ನಂಗೂ ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ಕೇಟರಿಂಗ್ ಕೆಲಸ ಶುರು ಮಾಡಿದ ಎರಡನೇ ವರ್ಷ, ಮಳೆಗಾಲ, ಒಂದು ನಿಶ್ಚಿತಾರ್ಥಕ್ಕೆ 300 ಟಿಕ್ಕಿ ಆರ್ಡರ್ ಇತ್ತು, ಅಗ್ಗಕ್ಕೆ ಸಿಕ್ತು ಅಂತ ಆಗಷ್ಟೇ ಕಿತ್ತ ಹೊಸ ಆಲೂಗಡ್ಡೆ ಎರಡು ಮೂಟೆ ತಂದಿದ್ದೆ. ಬಾಣಲೆಗೆ ಬಿಟ್ಟಿದ್ದೆಲ್ಲಾ ಕರಗಿ ಎಣ್ಣೆ ತುಂಬಾ ಕಪ್ಪು ಪುಡಿ, ಹೊರಗೆ ಜನ ಬಂದು ಕೂತಿದ್ದಾರೆ. ನಮ್ಮ ಜೊತೆಗಿದ್ದ ಹಿರಿಯ ಅಡುಗೆಯವರು ಒಂದು ಮಾತೂ ಬೈಲಿಲ್ಲ, ಮೂಟೆಯಿಂದ ಒಂದು ಹಸಿ ಆಲೂಗಡ್ಡೆ ತೆಗೆದು ಎರಡು ಹೋಳು ಮಾಡಿ ನನ್ನ ಕಣ್ಣ ಮುಂದೆ ಹಿಡಿದ್ರು. ಕತ್ತರಿಸಿದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ನೀರ ಹನಿ ಒಂದೊಂದಾಗಿ ಮೂಡ್ತಾ ಇತ್ತು. ಎರಡೂ ಹೋಳು ಸೇರಿಸಿ ಉಜ್ಜಿದ್ರೆ ಜಾರುತ್ತೆ, ಅಷ್ಟೇ. ಆಮೇಲೆ ಸ್ಟೋರಿಂದ ಹಳೇ ಆಲೂಗಡ್ಡೆ ಒಂದು ತಂದು ಹಾಗೇ ಉಜ್ಜಿ ತೋರಿಸಿದ್ರು, ಬೆಳ್ಳಗೆ ನೊರೆ ಬಂತು, ಎರಡು ಹೋಳೂ ಒಂದಕ್ಕೊಂದು ಹಿಡ್ಕೊಂಡು ನಿಂತ್ವು. ಆ ಬಿಳಿ ನೊರೆ ಪಿಷ್ಟ, ಅಂದ್ರೆ ಸ್ಟಾರ್ಚ್. ಅವತ್ತಿಂದ ಇವತ್ತಿನವರೆಗೆ ನಾನು ಟಿಕ್ಕಿಗೆ ಆಲೂಗಡ್ಡೆ ಕೊಳ್ಳುವಾಗ ಒಂದನ್ನ ಕುಯ್ದು ಉಜ್ಜಿ ನೋಡದೆ ತಗೊಂಡಿಲ್ಲ.

ಹಾಗಾಗಿ ಮೊದಲು ಆಲೂಗಡ್ಡೆ. ನಮ್ಮ ಹಾಸನದ ಕಡೆ ಮೇ ಜೂನ್‌ನಲ್ಲಿ ಬಿತ್ತಿದ ಬೆಳೆ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಮಾರ್ಕೆಟ್ಟಿಗೆ ಬರುತ್ತೆ, ಸಿಪ್ಪೆ ಎಷ್ಟು ತೆಳು ಅಂದ್ರೆ ಉಗುರಲ್ಲಿ ಕೆರೆದ್ರೆ ಬಂದುಬಿಡುತ್ತೆ. ಪಲ್ಯಕ್ಕೆ, ಸಾಗುಗೆ, ಹುಳಿಗೆ ಅದರಷ್ಟು ರುಚಿ ಇನ್ನೊಂದಿಲ್ಲ. ಆದ್ರೆ ಟಿಕ್ಕಿಗೆ ಬೇಡ, ನೀರು ಜಾಸ್ತಿ ಪಿಷ್ಟ ಕಡಿಮೆ. ಟಿಕ್ಕಿಗೆ ಕಿತ್ತು ಕೆಲವು ವಾರ ಆಗಿರೋ, ಸಿಪ್ಪೆ ಗಟ್ಟಿಯಾಗಿ ಸ್ವಲ್ಪ ಒರಟಾಗಿರೋ ಆಲೂಗಡ್ಡೆ ಕೇಳಿ ತಗೊಳ್ಳಿ. ಚಿಪ್ಸ್‌ಗೆ ಅಂತಲೇ ಬೆಳೆಸೋ ಕುಫ್ರಿ ಚಿಪ್ಸೋನಾ ತಳಿ ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ, ಅದರಲ್ಲಿ ನೀರೂ ಕಡಿಮೆ ಸಕ್ಕರೆ ಅಂಶವೂ ಕಡಿಮೆ, ಆದ್ರೆ ಬಿಡಿ ಅಂಗಡೀಲಿ ತಳಿ ಹೆಸರು ಹೇಳಿ ಮಾರೋರು ಅಪರೂಪ, ಉಜ್ಜಿ ನೋಡೋದೇ ಸುಲಭ. ಹಸಿರು ಬಣ್ಣಕ್ಕೆ ತಿರುಗಿದ್ದು ಮಾತ್ರ ಯಾವ ಅಡುಗೆಗೂ ಬೇಡ, ಅದರಲ್ಲಿರೋ ಸೊಲಾನಿನ್ ಅನ್ನೋ ವಿಷ ಬೇಯಿಸಿದ್ರೆ ಹೋಗಲ್ಲ.

ಇಲ್ಲೇ ಫ್ರಿಜ್ ಗೊಂದಲವನ್ನೂ ಬಿಡಿಸಿಬಿಡ್ತೀನಿ, ಯಾಕಂದ್ರೆ ನೀವು ನೋಡಿದ ಎರಡೂ ವಿಡಿಯೋ ಸರಿನೇ, ಒಬ್ಬರು ಬೇಯಿಸಿದ ಆಲೂಗಡ್ಡೆ ಬಗ್ಗೆ ಹೇಳ್ತಿದ್ದಾರೆ ಇನ್ನೊಬ್ಬರು ಹಸಿ ಆಲೂಗಡ್ಡೆ ಬಗ್ಗೆ. ಹಸಿ ಆಲೂಗಡ್ಡೆ ಫ್ರಿಜ್ಜಲ್ಲಿಟ್ರೆ ಆ ಚಳಿಗೆ ಒಳಗಿನ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆ ಆಗುತ್ತೆ, ಟಿಕ್ಕಿ ಸಿಹಿ ಸಿಹಿ ಅನ್ಸುತ್ತೆ, ಒಳಗೆ ಬಿಸಿಯಾಗೋ ಮೊದಲೇ ಹೊರಗೆ ಕಪ್ಪಾಗುತ್ತೆ. ಕೋಲ್ಡ್ ಸ್ಟೋರೇಜಲ್ಲಿ ತಿಂಗಳುಗಟ್ಟಲೆ ಇದ್ದು ಬರೋ ಉತ್ತರದ ಆಲೂಗಡ್ಡೆ ಕೆಲವು ಸಲ ಸಿಹಿ ಇರೋದೂ ಇದಕ್ಕೇ. ಬೇಯಿಸಿದ್ದನ್ನ ಫ್ರಿಜ್ಜಲ್ಲಿಟ್ರೆ ಆಗೋದೇ ಬೇರೆ. ಬೆಂದಾಗ ಉಬ್ಬಿ ಲೋಳೆ ಆಗಿದ್ದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿ ಹಿಡಿಯುತ್ತೆ, ರಾತ್ರಿ ಅನ್ನ ಬೆಳಿಗ್ಗೆ ಉದುರುದುರು ಆಗಿರುತ್ತಲ್ಲ, ಅದೇ. ಹೀಗೆ ಬಿಗಿಯಾದ ಆಲೂಗಡ್ಡೆಗೆ ಅರ್ಧ ಹಿಟ್ಟು ಸಾಕು.

ಬೇಯಿಸೋದು ಹೇಗೆ ಅಂದ್ರೆ, ಸಿಪ್ಪೆ ಸಮೇತ, ಇಡಿಯಾಗಿ, ಹೆಚ್ಚುಕಡಿಮೆ ಒಂದೇ ಗಾತ್ರದ್ದು. ನಾನು ಮನೇಲಿ ಇಡ್ಲಿ ಪಾತ್ರೆ ಹಬೇಲೇ ಬೇಯಿಸ್ತೀನಿ, ಮಧ್ಯಮ ಗಾತ್ರದ್ದಕ್ಕೆ 30 ರಿಂದ 40 ನಿಮಿಷ ಬೇಕು, ಚಾಕು ಚುಚ್ಚಿದ್ರೆ ಸಲೀಸಾಗಿ ಇಳಿದು ಆಲೂಗಡ್ಡೆ ಮಾತ್ರ ಬಿರಿದಿರಬಾರದು. ಕುಕ್ಕರೇ ಆಗ್ಬೇಕು ಅಂದ್ರೆ ತಳದಲ್ಲಿ ಒಂದು ಲೋಟ ನೀರು, ಅದರ ಮೇಲೆ ಸ್ಟ್ಯಾಂಡ್ ಇಟ್ಟು ತೂತಿನ ತಟ್ಟೆ, ಆಲೂಗಡ್ಡೆ ನೀರಿಗೆ ತಾಗದ ಹಾಗೆ, 2 ವಿಸಿಲ್. ಆದ ತಕ್ಷಣ ಹೊರಗೆ ತೆಗೀರಿ, ಬಿಸಿ ಇರುವಾಗ್ಲೇ ಸಿಪ್ಪೆ ತೆಗೆದು ಅಗಲವಾದ ತಟ್ಟೇಲಿ ಹರಡಿ ಫ್ಯಾನ್ ಕೆಳಗೆ ಇಡಿ. ಆ ಹಬೆ ಹೋಗ್ತಿದೆಯಲ್ಲ, ಅದು ನೀರು ಹೋಗ್ತಿರೋದು, ಮುಚ್ಚಳ ಮುಚ್ಚಿದ್ರೆ ಅಷ್ಟೂ ವಾಪಸ್ ಆಲೂಗಡ್ಡೆಗೇ. ಪೂರ್ತಿ ಆರಿದ ಮೇಲೆ ಎರಡು ಮೂರು ಗಂಟೆ ಫ್ರಿಜ್ಜಲ್ಲಿಡಿ. ಬೇಯಿಸಿದ ಆಲೂಗಡ್ಡೆ ಹೊರಗೇ ದಿನವಿಡೀ ಬಿಡೋದು ಒಳ್ಳೇದಲ್ಲ, ಬೇಸಿಗೇಲಂತೂ 2 ಗಂಟೆ ದಾಟಿಸಬೇಡಿ.

ಇನ್ನು ಮಿಕ್ಸಿ. ನಿಮ್ಮ ಟಿಕ್ಕಿ ಕೈಗೆ ಅಂಟಿದ್ದಕ್ಕೆ ನೀರಿನಷ್ಟೇ ದೊಡ್ಡ ಕಾರಣ ಇದು. ಬೆಂದ ಆಲೂಗಡ್ಡೆ ಅಂದ್ರೆ ಒಳಗೆ ಲಕ್ಷಾಂತರ ಸಣ್ಣ ಚೀಲ ಇದ್ದ ಹಾಗೆ, ಪ್ರತಿ ಚೀಲದಲ್ಲೂ ಉಬ್ಬಿದ ಪಿಷ್ಟ. ಕೈಯಲ್ಲಿ ಮೆಲ್ಲಗೆ ಪುಡಿ ಮಾಡಿದ್ರೆ ಚೀಲಗಳು ಒಂದರಿಂದ ಒಂದು ಬಿಡಿಸ್ಕೊಳ್ತವೆ, ಒಡೆಯಲ್ಲ. ಮಿಕ್ಸಿ ಬ್ಲೇಡು ಅವನ್ನ ಹರಿದು ಹಾಕುತ್ತೆ, ಒಳಗಿನ ಲೋಳೆ ಎಲ್ಲಾ ಹೊರಗೆ ಬರುತ್ತೆ, ಅದು ಪೋಸ್ಟರ್ ಅಂಟಿಸೋ ಗೋಂದಿನ ಥರ. ಒಂದು ಸಲ ಹಾಗಾದ್ರೆ ಮತ್ತೆ ಸರಿ ಮಾಡೋಕೆ ಆಗಲ್ಲ. ತಣ್ಣಗಾದ ಆಲೂಗಡ್ಡೇನ ತುರಿಮಣೇಲಿ ತುರೀರಿ, ಕೊಬ್ಬರಿ ತುರಿದ ಹಾಗೆ, ಗಂಟು ಇರಲ್ಲ, ಚೀಲಗಳೂ ಹರಿಯಲ್ಲ. ಮಸಾಲೆ ಹಾಕಿದ ಮೇಲೂ ಚಪಾತಿ ಹಿಟ್ಟಿನ ಥರ ನಾದಬೇಡಿ, ಬೆರಳ ತುದೀಲಿ ಕೂಡಿಸಿ ಬಿಟ್ಟುಬಿಡಿ.

ಅತ್ತೆಯವರು ಮೈದಾ ಹಾಕು ಅಂದಿದ್ದು ತಪ್ಪು ಅಂತ ನಾನು ಹೇಳಲ್ಲ, ಅವರ ಕಾಲದ ಕಟ್ಲೆಟ್‌ಗೆ ಮೈದಾ ನೀರಲ್ಲಿ ಅದ್ದಿ ರವೇಲೋ ಬ್ರೆಡ್ ಪುಡೀಲೋ ಹೊರಳಿಸಿ ಕರೀತಿದ್ರು, ಅಲ್ಲಿ ಮೈದಾ ಹೊರಗಿತ್ತು. ನೀವು ಅದನ್ನ ಒಳಗೆ ಸೇರಿಸಿದ್ರಿ, ಒದ್ದೆ ಆಲೂಗಡ್ಡೆ ಜೊತೆ ಕಲಸಿದಾಗ ಮೈದಾದ ಅಂಟು ಎದ್ದು ರಬ್ಬರ್ ಆಯ್ತು, ಅಷ್ಟು ಹಿಟ್ಟು ಬೇಯೋಕೆ ಸಮಯವೂ ಸಿಗಲಿಲ್ಲ, ಅದೇ ಹಸಿ ವಾಸನೆ. ಸೋಡ ಮಾತ್ರ ಬೇಡವೇ ಬೇಡ. ಸೋಡ ಆಲೂಗಡ್ಡೇನ ಇನ್ನೂ ಮೆತ್ತಗೆ ಮಾಡುತ್ತೆ, ಎಣ್ಣೆ ಕುಡಿಸುತ್ತೆ, ಬಣ್ಣ ಬೇಗ ಏರಿಸುತ್ತೆ. ಆ ಬಣ್ಣ ನೋಡಿ ಗರಿಗರಿ ಆಯ್ತು ಅಂದ್ಕೊಂಡು ತೆಗೆದುಬಿಡ್ತೀವಿ, ಬಾಯಿಗಿಟ್ರೆ ಮೆತ್ತಗೆ.

ಹಿಟ್ಟಿನ ಅಳತೆ ಹೇಳ್ತೀನಿ ಅಂದಿದ್ನಲ್ಲ. ಮೇಲೆ ಹೇಳಿದ ಹಾಗೆ ಒಣಗಿಸಿದ 1 ಕೆಜಿ ಆಲೂಗಡ್ಡೆಗೆ ತೆಳು ಅವಲಕ್ಕಿ 50 ಗ್ರಾಂ, ಅಂದ್ರೆ ಎರಡು ದೊಡ್ಡ ಹಿಡಿ, ಬೆಚ್ಚಗೆ ಮಾಡಿ ಒಣಗಿದ್ದನ್ನೇ ಪುಡಿ ಮಾಡ್ಕೊಳ್ಳಿ, ನೆನೆಸಬಾರದು. ಅದರ ಜೊತೆ 3 ದೊಡ್ಡ ಚಮಚ ಕಾರ್ನ್‌ಫ್ಲೋರ್. ಅವಲಕ್ಕಿ ಪುಡಿ ಉಳಿದ ತೇವ ಹೀರ್ಕೊಳ್ಳೋಕೆ, ಕಾರ್ನ್‌ಫ್ಲೋರ್ ಹೊರಗಿನ ಪದರ ಗರಿಗರಿ ಆಗೋಕೆ. ದೆಹಲಿ ಲಖನೌ ಕಡೆ ಈ ಕೆಲಸಕ್ಕೆ ಅರಾರೋಟ್ ಹಾಕ್ತಾರೆ, ಅದೂ ಆಗುತ್ತೆ. ಅವಲಕ್ಕಿ ಇಲ್ಲಾಂದ್ರೆ ರಸ್ಕ್ ಪುಡಿ. ಅಕ್ಕಿಹಿಟ್ಟು ಹಾಕಿದ್ರೆ ಗರಿ ಬರುತ್ತೆ ಆದ್ರೆ ಒಂದು ಚಮಚ ಹೆಚ್ಚಾದ್ರೂ ನಿಪ್ಪಟ್ಟಿನ ಥರ ಗಟ್ಟಿ, ಹಾಗಾಗಿ ಕೈ ಅಳತೆ ಗೊತ್ತಿರೋರು ಮಾತ್ರ ಹಾಕಿ.

ಈರುಳ್ಳಿ ಇಲ್ಲ ಅನ್ನೋದು ನಿಮಗೆ ಕೊರತೆ ಅನ್ಸಿರಬಹುದು, ನನ್ನ ಲೆಕ್ಕದಲ್ಲಿ ಅದೇ ಅನುಕೂಲ, ನೀರಿನ ದೊಡ್ಡ ಮೂಲವೇ ಹೋಯ್ತು. ಬದಲಿಗೆ ಒಂದು ಚಮಚ ತುಪ್ಪದಲ್ಲಿ ಇಂಗು, ಜೀರಿಗೆ, ಜಜ್ಜಿದ ಧನಿಯಾ, ಸಣ್ಣಗೆ ಹೆಚ್ಚಿದ ಶುಂಠಿ ಹಸಿಮೆಣಸಿನಕಾಯಿ ಬಾಡಿಸಿ ಹಾಕಿ, ಮಿಕ್ಸೀಲಿ ನೀರು ಹಾಕಿ ರುಬ್ಬಬೇಡಿ. ಹುಳಿಗೆ ನಿಂಬೆರಸ ಬೇಡ, ಆಮ್ಚೂರ್ ಪುಡಿ. ಬಟಾಣಿ ಬೇಯಿಸಿ ಬಸಿದು ಬಟ್ಟೆ ಮೇಲೆ ಹರಡಿ ಒಣಗಿಸಿ, ಆಮೇಲೆ ಅರೆಬರೆ ಜಜ್ಜಿ ಹಾಕಿ, ಇಡೀ ಬಟಾಣಿ ಬಿಸಿ ಎಣ್ಣೇಲಿ ಸಿಡಿದು ಕೈ ಮುಖ ಸುಡುತ್ತೆ. ಕೊತ್ತಂಬರಿ ಸೊಪ್ಪೂ ಹಾಗೇ, ಬೆಳಿಗ್ಗೆನೇ ತೊಳೆದು ಬಟ್ಟೇಲಿ ಸುತ್ತಿಡಿ.

ಈಗ ಕಾಯಿಸೋದು. ಕೆಲಸ ಕಲೀತಿದ್ದ ಕಾಲದಲ್ಲಿ ಎರಡು ವರ್ಷ ದೆಹಲೀಲಿದ್ದೆ, ರಜೆ ಸಿಕ್ಕಿದಾಗೆಲ್ಲಾ ಹಳೇ ದೆಹಲೀಲಿ ಚಾಟ್ ಗಾಡಿಗಳ ಮುಂದೆ ನಿಂತು ಟಿಕ್ಕಿ ಮಾಡೋದನ್ನ ನೋಡೋದೇ ಕೆಲಸ. ಅಷ್ಟಗಲದ ಕಬ್ಬಿಣದ ತವಾ, ನಡುವೆ ತಗ್ಗು, ತಗ್ಗಲ್ಲಿ ಎಣ್ಣೆ ತುಪ್ಪ, ಅಂಚಿನ ಸುತ್ತ ಟಿಕ್ಕಿಗಳನ್ನ ಸಾಲಾಗಿ ಜೋಡಿಸಿರ್ತಾರೆ. ಅವು ಅಂಚಲ್ಲೇ ಸಣ್ಣ ಬಿಸೀಲಿ ಬಹಳ ಹೊತ್ತು ಕೂತು ಹಬೆ ಬಿಡ್ತಾ ಒಣಗ್ತಿರ್ತವೆ, ಗಿರಾಕಿ ಬಂದಾಗ ಒಂದನ್ನ ನಡುವಿನ ಎಣ್ಣೆಗೆ ತಳ್ಳಿ ಸಟ್ಟುಗದಲ್ಲಿ ಒತ್ತುತ್ತಾರೆ, ಚುರ್ ಅಂತ ಸದ್ದು ಬರುತ್ತೆ, ಅಂಚು ಬಿರಿದು ಅಲ್ಲೂ ಗರಿ ಹಿಡಿಯುತ್ತೆ. ಎರಡು ಸಲ ಬೇಯುತ್ತೆ ಅನ್ನೋದೇ ಆ ಟಿಕ್ಕಿಯ ಗುಟ್ಟು. ನಾವು ಮನೇಲಿ ಒಂದೇ ಸಲಕ್ಕೆ ದೊಡ್ಡ ಉರೀಲಿ ಮುಗಿಸೋಕೆ ಹೋಗ್ತೀವಿ.

ದಪ್ಪ ತಳದ ಕಾವಲಿ ಅಥವಾ ಅಗಲವಾದ ಬಾಣಲೆ ತಗೊಂಡು ಕಾಲು ಇಂಚು ಎಣ್ಣೆ ಹಾಕಿ, ಮಧ್ಯಮ ಉರಿ. ಥರ್ಮಾಮೀಟರ್ ಇದ್ರೆ 170 ಡಿಗ್ರಿ ಸುತ್ತಮುತ್ತ, ಇಲ್ಲಾಂದ್ರೆ ಒಂದು ಚೂರು ಹಾಕಿ ನೋಡಿ, ಸುತ್ತ ಗುಳ್ಳೆ ಬಂದು ನಿಧಾನಕ್ಕೆ ಬಣ್ಣ ಏರಬೇಕು. ಎಣ್ಣೆ ಹೊಗೆಯಾಡೋ ಹಾಗೆ ಕಾಯಿಸಿದ್ರೆ ಗರಿಗರಿ ಆಗುತ್ತೆ ಅನ್ನೋದು ಸುಳ್ಳು, ಹೊರಗೆ ಕಪ್ಪಾಗಿ ಒಳಗಿನ ಹಬೆ ಸಿಕ್ಕಿಹಾಕ್ಕೊಂಡು ಟಿಕ್ಕಿ ಬಿರಿಯುತ್ತೆ. ಎಣ್ಣೆ ಕಾಯದೆ ಹಾಕಿದ್ರೂ ಅಷ್ಟೇ ಕೆಟ್ಟದ್ದು, ಮೇಲ್ಪದರ ಗಟ್ಟಿಯಾಗೋ ಮೊದಲೇ ಎಣ್ಣೆ ಒಳಗೆ ನುಗ್ಗುತ್ತೆ. ಒಂದೇ ಸಲ ಹತ್ತು ತುಂಬಿದಾಗ ಆಗೋದೂ ಇದೇ, ಎಣ್ಣೆ ತಣ್ಣಗಾಗುತ್ತೆ. ಒಬ್ಬೆಗೆ ಐದಾರು ಸಾಕು. ಹಾಕಿದ ಮೇಲೆ 4 ನಿಮಿಷ ಮುಟ್ಟಲೇಬೇಡಿ. ಇಲ್ಲೇ ಬಹಳ ಜನ ತಪ್ಪೋದು, ಹಿಡ್ಕೊಂಡಿದೆಯೇನೋ ಅಂತ ಹೆದರಿ ಸಟ್ಟುಗ ಹಾಕ್ತಾರೆ, ಅರ್ಧ ಟಿಕ್ಕಿ ಕಾವಲೀಲಿ ಅರ್ಧ ಸಟ್ಟುಗದಲ್ಲಿ. ತಳ ಗರಿ ಹಿಡಿದ ಮೇಲೆ ಅದೇ ಬಿಡ್ಕೊಳ್ಳುತ್ತೆ, ಕಾವಲಿ ಅಲ್ಲಾಡಿಸಿದ್ರೆ ಜಾರುತ್ತೆ, ಆಗ ಮಗುಚಿ.

ತೆಗೆದ ಮೇಲೆ ಪೇಪರ್ ಮೇಲೆ ಒಂದರ ಮೇಲೊಂದು ಪೇರಿಸಬೇಡಿ, ಜಾಲರಿ ಸ್ಟ್ಯಾಂಡ್ ಮೇಲೆ ಬಿಡಿಬಿಡಿಯಾಗಿ ಇಡಿ. ಟಿಕ್ಕಿ ಒಳಗೆ ಇನ್ನೂ ಹಬೆ ಇರುತ್ತೆ, ಅದು ಹೊರಗೆ ಬರಲೇಬೇಕು. ಹಾಟ್‌ಬಾಕ್ಸಲ್ಲಿ ಹಾಕಿ ಮುಚ್ಚಿದ್ರೆ ಆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಟಿಕ್ಕಿ ಮೇಲೇ ಬೀಳುತ್ತೆ. ಪೂರಿ, ವಡೆ, ಟಿಕ್ಕಿ, ಗರಿಗರಿ ಇರಬೇಕಾದ ಯಾವುದಕ್ಕೂ ಹಾಟ್‌ಬಾಕ್ಸ್ ಬೇಡ.

ಏರ್‌ಫ್ರೈಯರ್ ಕೇಳಿದೀರ. ಟಿಕ್ಕಿಗೆ ಎರಡೂ ಕಡೆ ಎಣ್ಣೆ ಸವರಿ 200 ಡಿಗ್ರೀಲಿ 15 ರಿಂದ 18 ನಿಮಿಷ, ನಡುವೆ ಒಂದು ಸಲ ತಿರುಗಿಸಿ, ತಿನ್ನೋಕೆ ಚೆನ್ನಾಗೇ ಇರುತ್ತೆ, ಆದ್ರೆ ತವಾದ ಗರಿ ಬರಲ್ಲ, ಸ್ವಲ್ಪ ಒಣಗಿ ಬಿರುಕು ಬಿಡುತ್ತೆ. ಬ್ರೆಡ್ ಪುಡಿ ಹೊದಿಸಿದ ಕಟ್ಲೆಟ್ ಅದರಲ್ಲಿ ಇನ್ನೂ ಚೆನ್ನಾಗಿ ಬರುತ್ತೆ. 40 ಜನಕ್ಕೆ ಮಾತ್ರ ಅದನ್ನ ನಂಬ್ಕೋಬೇಡಿ, ಒಂದು ಸಲಕ್ಕೆ ಆರೋ ಎಂಟೋ ಹಿಡಿಯುತ್ತೆ. ಮೊದಲೇ ತಟ್ಟಿ ಫ್ರೀಜರಲ್ಲಿಡೋದೂ ಒಂದು ದಾರಿ, ತಟ್ಟೇಲಿ ಬಿಡಿಬಿಡಿಯಾಗಿ ಗಟ್ಟಿ ಮಾಡಿ ಆಮೇಲೆ ಡಬ್ಬಿಗೆ ಹಾಕ್ಬೇಕು. ಆದ್ರೆ ಅದನ್ನ ಹಾಗೇ ಕಾದ ಎಣ್ಣೆಗೆ ಬಿಟ್ರೆ ಮೇಲಿನ ಮಂಜು ಸಿಡಿದು ಎಣ್ಣೆ ಉಕ್ಕುತ್ತೆ, ನಮ್ಮ ಕಿಚನ್‌ನಲ್ಲಿ ಹುಡುಗನೊಬ್ಬ ಹೀಗೇ ಮೊಣಕೈವರೆಗೆ ಸುಟ್ಕೊಂಡ. ಫ್ರೀಜರಿಂದ ತೆಗೆದದ್ದಕ್ಕೆ ಕಾವಲಿ, ಸ್ವಲ್ಪ ಎಣ್ಣೆ, ಸಣ್ಣ ಉರಿ, ಹೆಚ್ಚು ಹೊತ್ತು.

ಎಷ್ಟೇ ಎಚ್ಚರವಾಗಿದ್ರೂ ಅವತ್ತು ಹೂರಣ ಅಂಟಂಟಾಗಿಬಿಟ್ರೆ ಹಿಟ್ಟು ಸುರೀತಾ ಹೋಗ್ಬೇಡಿ. ತಟ್ಟೇಲಿ ತೆಳ್ಳಗೆ ಹರಡಿ ಒಂದು ಗಂಟೆ ಫ್ರಿಜ್ಜಲ್ಲಿಟ್ಟು, ರಸ್ಕ್ ಪುಡಿ ಸ್ವಲ್ಪ ಸೇರಿಸಿ ಉಂಡೆ ಕಟ್ಟಿ, ಮೈದಾ ನೀರಲ್ಲಿ ಅದ್ದಿ ಬ್ರೆಡ್ ಪುಡೀಲೋ ಚಿರೋಟಿ ರವೇಲೋ ಹೊರಳಿಸಿ ಕಟ್ಲೆಟ್ ಥರ ಕರೀರಿ, ಹೊರಗಿನ ಕವಚ ಒಳಗಿನ ತಪ್ಪನ್ನ ತಡ್ಕೊಳ್ಳುತ್ತೆ. ಅದೂ ಆಗಲ್ಲ ಅನ್ಸಿದ್ರೆ ಕಡ್ಲೆಹಿಟ್ಟಲ್ಲಿ ಅದ್ದಿ ಬೋಂಡ.

ಶಾಂತಿ ದಿನಕ್ಕೆ ಬರ್ತೀನಿ. ತಲೆಗೆ ಎರಡರಂತೆ 80 ಟಿಕ್ಕಿ, ಒಂದೊಂದು 50 ಗ್ರಾಂ, ಅದಕ್ಕೆ ನಾಲ್ಕೂವರೆ ಕೆಜಿ ಆಲೂಗಡ್ಡೆ ತಂದ್ರೆ ಆರಿಸಿ ಬಿಸಾಕಿದ್ದೂ ಸೇರಿ ಸರಿಹೋಗುತ್ತೆ. ಅದಕ್ಕಿಂತ ಮೊದಲು ಈ ಭಾನುವಾರವೇ ಅರ್ಧ ಕೆಜೀಲಿ ಒಂದು ಸಲ ಮಾಡಿ ನೋಡಿ. ಅನುಕೂಲ ಅಂದ್ರೆ ಹಿಂದಿನ ದಿನ ಸಂಜೆ ಬೇಯಿಸಿ, ರಾತ್ರಿ ತುರಿದು ಕಲಸಿ ಮುಕ್ಕಾಲು ಇಂಚು ದಪ್ಪಕ್ಕೆ ತಟ್ಟಿ ಟ್ರೇಯಲ್ಲಿ ಫ್ರಿಜ್ಜಿಗೆ, ಈರುಳ್ಳಿ ಇಲ್ಲದ್ದರಿಂದ ಉಪ್ಪು ಹಾಕಿಟ್ರೂ ನೀರು ಬಿಡಲ್ಲ. ಶಾಂತಿ ದಿನ ಹಿಂದಿನ ದಿನ ಬೇಯಿಸಿದ್ದು ಬಳಸೋ ಹಾಗಿಲ್ಲ ಅನ್ನೋ ಮನೆ ಆಗಿದ್ರೆ ಬೆಳಿಗ್ಗೆ 6ಕ್ಕೇ ಬೇಯಿಸಿ ಸಿಪ್ಪೆ ತೆಗೆದು ಹರಡಿಬಿಡಿ, ಆರಿದ ಮೇಲೆ ಫ್ರಿಜ್ಜಿಗಿಟ್ಟು ನೀವು ಹೋಮಕ್ಕೆ ಕೂತ್ಕೊಳ್ಳಿ, ಊಟ ಆದ್ಮೇಲೆ ಒಬ್ಬರು ತುರಿಯೋಕೆ ಒಬ್ಬರು ತಟ್ಟೋಕೆ ಕೂತ್ರೆ ಒಂದು ಗಂಟೆ ಕೆಲಸ. ಸಂಜೆ ನಾಲ್ಕೂವರೆಗೆ ಎಲ್ಲಾ ಟಿಕ್ಕಿಗಳನ್ನೂ ತೆಳು ಹೊಂಬಣ್ಣಕ್ಕೆ ಅರ್ಧ ಬೇಯಿಸಿ ಜಾಲರಿ ಮೇಲೆ ಬಿಟ್ಟಿರಿ. ಆರಕ್ಕೆ ಜನ ಕೂತ ಮೇಲೆ ಎರಡು ಒಲೇಲಿ ಎರಡು ಕಾವಲಿ ಇಟ್ಟು, ಸಟ್ಟುಗದಲ್ಲಿ ಒತ್ತಿ, ಎರಡೆರಡು ನಿಮಿಷ ಮತ್ತೆ ಕಾಯಿಸಿ ತಟ್ಟೆಗೆ ಹಾಕ್ತಾ ಹೋಗಿ. ಹುಣಸೆ ಚಟ್ನಿ ಹಸಿರು ಚಟ್ನಿ ಟಿಕ್ಕಿ ಮೇಲೆ ಸುರಿದು ಕಳಿಸಬೇಡಿ, ಪಕ್ಕದಲ್ಲಿ ಬಟ್ಟಲಲ್ಲಿ ಕೊಡಿ, ಅವರವರೇ ಹಾಕ್ಕೊಳ್ಳಲಿ.